ಬಾಲಸಾಹಿತ್ಯದಲ್ಲಿ ಅವಿಧೇಯ ಬಾಲನಾಯಕರು

೧

ಬಾಲಸಾಹಿತ್ಯವೆಂದರೆ ಮಕ್ಕಳಿಗೆ ವಿನಯವನ್ನು ಕಲಿಸತಕ್ಕ ಸಾಹಿತ್ಯವೆಂಬ ಅಭಿಪ್ರಾಯವು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವುದು. ಹಿರಿಯರ ಮಾತನ್ನು ಮೀರದವನು ಒಳ್ಳೆಯ ಹುಡುಗ, ಮೀರಿದವನು ಕೆಟ್ಟ ಹುಡುಗ, ಎಂಬ ಎರಡೇ ಪಾತ್ರಗಳಿಂದ ಕಟ್ಟಿದ ಕಥೆಗಳು ನಮ್ಮ ಪಾಠಶಾಲೆಗಳಲ್ಲಿ ಎಷ್ಟೋ ತಲೆಮಾರುಗಳಿಂದ ನಡೆದುಬಂದಿವೆ. ಹೀಗಿರುವಲ್ಲಿ, ತಂದೆಗೂ ಗುರುವಿಗೂ ಅರಸನಿಗೂ ಇದಿರಾಗಿ ನಿಂತು ‘ಒಲ್ಲೆ’ ಎಂದ ಮಕ್ಕಳ ಕಥೆಗಳಿಗೆ ಬಾಲಸಾಹಿತ್ಯದಲ್ಲಿ ಸ್ಥಾನವುಂಟೆ, ಉಂಟಾದರೆ ಅವುಗಳ ಪ್ರಯೋಜನವೇನು, ಎಂಬುದೇ ಈ ಲೇಖನದಲ್ಲಿ ವಿಚಾರಿಸತಕ್ಕ ವಿಷಯವು.

ಈ ವಿಚಾರಕ್ಕೆ ನನ್ನನ್ನು ಪ್ರೇರಿಸಿದುದು ಒಂದು ಸಣ್ಣ ಪ್ರಸಂಗ. ಬೆಂಗಳೂರಿನ ಪಶ್ಚಿಮದಲ್ಲಿರುವ ಮಲ್ಲತ್ತಹಳ್ಳಿಯಲ್ಲಿ ನನ್ನ ವಾಸ. ಒಂದಾನೊಂದು ಕಾಲಕ್ಕೆ ಕೆರೆಯೂ ಹೊಲಗದ್ದೆಗಳೂ ಇದ್ದ ಹಳ್ಳಿಯು ಈಗ ನಗರದೊಳಗೆ ಸೇರಿಹೋಗಿದೆ. ಕಲಾಗ್ರಾಮದಲ್ಲಿ ನಾಟಕಗಳು ನಡೆಯುತ್ತವೆ. ಬೇಸಗೆಯ ರಜೆಯಲ್ಲಿ ಬೀದಿಯ ಮಕ್ಕಳು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕೂಡುತ್ತಾರೆ. ನಾನು ಪುರಾಣಕಥೆಗಳನ್ನು ಹೇಳುವೆನು. ಒಂದು ಸಂಜೆ ಹರಿಶ್ಚಂದ್ರೋಪಾಖ್ಯಾನವನ್ನು ಹೇಳುತ್ತಿದ್ದೆ. ಕಾಶಿಯ ಬೀದಿಯಲ್ಲಿ ದೊರೆಯು ಹೆಂಡತಿಯನ್ನೂ ಮಗನನ್ನೂ ಮಾರುವ ಸನ್ನಿವೇಶ. ಐದನೆಯ ತರಗತಿಯಲ್ಲಿ ಓದುವ ಹುಡುಗಿಯೊಬ್ಬಳು ಕೈಯೆತ್ತಿ, “ಮೇಷ್ಟ್ರೇ, ಅಪ್ಪ ಮಾರ್ತೀನಿ ಅಂದಾಗ ಆ ಹುಡುಗ ಒಲ್ಲೆ ಅನ್ನಬಾರದಾಗಿತ್ತಾ?” ಎಂದು ಕೇಳಿದಳು.

ನಾನು, “ಸುಮ್ಮನೆ ಕೇಳಮ್ಮ, ಮುಂದೆ ಗೊತ್ತಾಗುತ್ತೆ” ಎಂದುಬಿಟ್ಟೆ. ಮುಂದೆ ಏನೂ ಗೊತ್ತಾಗುವುದಿಲ್ಲವೆಂಬುದು ನನಗೆ ತಿಳಿದಿದ್ದಿತು. ರಾಘವಾಂಕನ ಲೋಹಿತಾಶ್ವನು ದರ್ಭೆ ಸಮಿಧೆಗಳಿಗಾಗಿ ಕಾಡಿಗೆ ಹೋಗಿ ಹಾವು ಕಚ್ಚಿ ಸಾಯುವನೇ ಹೊರತು, ತನ್ನನ್ನು ಮಾರಿದ ತಂದೆಯನ್ನು ಒಂದು ಮಾತೂ ಕೇಳುವುದಿಲ್ಲ. ಆ ರಾತ್ರಿ ನನ್ನ ಉತ್ತರವು ನನಗೇ ನಾಚಿಕೆಯನ್ನುಂಟುಮಾಡಿತು.

೨

ಆ ಹುಡುಗಿಯ ಪ್ರಶ್ನೆಗೆ ಉತ್ತರವು ವೇದದಲ್ಲಿಯೇ ಇದ್ದಿತು. ಹರಿಶ್ಚಂದ್ರನ ಕಥೆಯ ಅತಿ ಪ್ರಾಚೀನವಾದ ರೂಪವು ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯಲ್ಲಿದೆ. ಅಲ್ಲಿ ಮಕ್ಕಳಿಲ್ಲದ ಹರಿಶ್ಚಂದ್ರನು, ಮಗನು ಹುಟ್ಟಿದರೆ ಅವನನ್ನೇ ನಿನಗೆ ಯಜಿಸುವೆನೆಂದು ವರುಣನಿಗೆ ಮಾತು ಕೊಡುತ್ತಾನೆ. ರೋಹಿತನು ಹುಟ್ಟುತ್ತಾನೆ. ಹಲ್ಲು ಬರಲಿ, ಹಲ್ಲು ಬೀಳಲಿ, ಮತ್ತೆ ಮೂಡಲಿ, ಆಯುಧವನ್ನು ಹಿಡಿಯುವಂತಾಗಲಿ ಎಂದು ತಂದೆಯು ಕಾಲವನ್ನು ತಳ್ಳುತ್ತಾನೆ. ಕಡೆಗೆ ಮಗನನ್ನು ಕರೆದು ಸಂಗತಿಯನ್ನು ತಿಳಿಸಿದಾಗ, ರೋಹಿತನು ಆಗದೆಂದು ಹೇಳಿ, ಬಿಲ್ಲನ್ನು ತೆಗೆದುಕೊಂಡು ಕಾಡಿಗೆ ಹೊರಟುಹೋಗುತ್ತಾನೆ. ಹುಡುಗಿಯು ಕೇಳಿದ ‘ಒಲ್ಲೆ’ ಎಂಬ ಮಾತು ಇದೇ ಅಲ್ಲವೆ? ಶ್ರುತಿಯಲ್ಲಿದ್ದ ಈ ಮಾತು ಕಾವ್ಯದಲ್ಲಿ ಲೋಪವಾಯಿತು.

ರಾಘವಾಂಕನನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಅವನ ಕಾವ್ಯದ ಜೀವಾಳವು ತಂದೆಯ ಸತ್ಯವ್ರತ. ಮಗನು ಎದುರು ನಿಂತಿದ್ದರೆ ಆ ವ್ರತದ ಏಕಾಗ್ರತೆಯು ಕೆಡುತ್ತಿದ್ದಿತು. ಪ್ರತಿಭಟನೆಯ ಸ್ವಾರಸ್ಯವನ್ನು ಅರಿಯದ ಕವಿಯೂ ಅವನಲ್ಲ. ಗಾಣರಾಣಿಯರು ಕುಲದ ವಿಷಯವಾಗಿ ದೊರೆಯೊಡನೆ ನಡೆಸುವ ವಾದವು ಕನ್ನಡದ ಅತ್ಯಂತ ದಿಟ್ಟವಾದ ಸಂಭಾಷಣೆಗಳಲ್ಲೊಂದು. ಇನ್ನೂ ಒಂದು ವಿನೋದವುಂಟು. ಮರ್ತ್ಯನಾದ ಅರಸನನ್ನು ಕುರಿತು ಕಾವ್ಯವನ್ನು ಬರೆದುದಕ್ಕಾಗಿ ಸೋದರಮಾವನೂ ಗುರುವೂ ಆದ ಹರಿಹರನು ಕೋಪಿಸಿ ರಾಘವಾಂಕನ ಹಲ್ಲುಗಳನ್ನು ಉದುರಿಸಿದನೆಂಬ ಐತಿಹ್ಯವು ಪ್ರಸಿದ್ಧವಾಗಿದೆ. ಕನ್ನಡದ ಅತ್ಯಂತ ವಿಧೇಯನಾದ ಮಗನನ್ನು ಸೃಷ್ಟಿಸಿದ ಕವಿಯು, ಐತಿಹ್ಯದ ಪ್ರಕಾರ, ತಾನೇ ಮಾತು ಮೀರಿದ ಅಳಿಯ!

೩

ಇನ್ನು, ಮಾತು ಮೀರಿದ ಮಕ್ಕಳೆಲ್ಲರನ್ನೂ ನಾಯಕರೆಂದು ಎಣಿಸಲಾಗುವುದೇ? ಆಗದು. ಇದಕ್ಕೆ ರೋಹಿತನೇ ನಿದರ್ಶನ. ಅವನು ವರ್ಷಗಟ್ಟಲೆ ಕಾಡಿನಲ್ಲಿ ಸಂಚರಿಸುತ್ತಿರುವಾಗ ಹಸಿವಿನಿಂದ ಬಳಲುತ್ತಿದ್ದ ಅಜೀಗರ್ತನ ಕುಟುಂಬವನ್ನು ಕಾಣುತ್ತಾನೆ. ನೂರು ಹಸುಗಳನ್ನು ಕೊಟ್ಟು ಅವನ ನಡುವಣ ಮಗನಾದ ಶುನಃಶೇಪನನ್ನು ಕೊಂಡು, ತನಗೆ ಬದಲಾಗಿ ಯಜ್ಞಪಶುವನ್ನಾಗಿ ತರುತ್ತಾನೆ. ತನ್ನ ಕೊರಳನ್ನು ಉಳಿಸಿಕೊಳ್ಳಲು ಒಲ್ಲೆನೆಂದುದು ನ್ಯಾಯವೇ. ಮತ್ತೊಬ್ಬ ಬಡಹುಡುಗನ ಕೊರಳನ್ನು ಅಲ್ಲಿ ಒಡ್ಡಿದುದು ಅನ್ಯಾಯ. ಅಲ್ಲಿಂದ ಮುಂದೆ ಶ್ರುತಿಯು ರೋಹಿತನನ್ನು ಬಿಟ್ಟು ಶುನಃಶೇಪನನ್ನು ಹಿಡಿಯುತ್ತದೆ. ಮಗನನ್ನು ಮಾರಲು ನೂರು, ಯೂಪಕ್ಕೆ ಕಟ್ಟಲು ಇನ್ನೊಂದು ನೂರು, ಕತ್ತರಿಸಲು ಮತ್ತೊಂದು ನೂರು ಹಸುಗಳನ್ನು ಪಡೆದ ತಂದೆಯು, ಹುಡುಗನು ದೇವತಾಸ್ತುತಿಯಿಂದ ಬಿಡುಗಡೆ ಹೊಂದಿದ ಮೇಲೆ ಮರಳಿ ಬಾರೆಂದು ಕರೆಯುತ್ತಾನೆ. ಶುನಃಶೇಪನು ಹೋಗುವುದಿಲ್ಲ, ವಿಶ್ವಾಮಿತ್ರನಿಗೆ ಮಗನಾಗಿ ದೇವರಾತನೆನಿಸುತ್ತಾನೆ. ವೇದವು ಈ ಮಗನನ್ನು ನಿಂದಿಸುವುದಿಲ್ಲವೆಂಬುದನ್ನು ಗಮನಿಸಬೇಕು.

ಆದುದರಿಂದ ಬರಿಯ ಉದ್ಧಟತನವನ್ನೂ ಸಾರ್ಥಕವಾದ ಅವಿಧೇಯತೆಯನ್ನೂ ಬೇರ್ಪಡಿಸಿ ನೋಡಲು ಮೂರು ನಿಕಷಗಳನ್ನು ಇಟ್ಟುಕೊಳ್ಳಬಹುದೆಂದು ನನಗೆ ತೋರುತ್ತದೆ. ಮೊದಲನೆಯದು, ಆ ಮಗುವು ಯಾವುದಕ್ಕಾಗಿ ಮಾತು ಮೀರಿತು? ಎರಡನೆಯದು, ಮೀರಿದುದರ ಫಲವನ್ನು ತಾನೇ ಹೊತ್ತಿತೆ, ಇನ್ನೊಬ್ಬರ ಮೇಲೆ ಹೊರಿಸಿತೆ? ಮೂರನೆಯದು, ಆಜ್ಞೆಯನ್ನು ಮೀರುವಾಗ ಆಜ್ಞಾಪಿಸಿದವರ ಮೇಲಣ ಪ್ರೀತಿಯನ್ನೂ ಮೀರಿತೆ?

೪

ಈ ನಿಕಷಗಳಿಗೆ ನಮ್ಮ ಪ್ರಸಿದ್ಧರಾದ ಬಾಲಕರನ್ನು ಒಡ್ಡಿ ನೋಡೋಣ.

ಕಠೋಪನಿಷತ್ತಿನ ನಚಿಕೇತನು, ತಂದೆಯು ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಮಾಡುವುದನ್ನು ಕಂಡು ಸಹಿಸದೆ, ನನ್ನನ್ನು ಯಾರಿಗೆ ಕೊಡುವೆಯೆಂದು ಮೂರು ಸಲ ಕೇಳುತ್ತಾನೆ. ಕೋಪಗೊಂಡ ತಂದೆಯು ಮೃತ್ಯುವಿಗೆ ಕೊಟ್ಟೆನೆನ್ನುತ್ತಾನೆ. ಹುಡುಗನು ಯಮನ ಮನೆಗೆ ಹೋಗಿ ಮೂರು ರಾತ್ರಿ ಉಪವಾಸವಿದ್ದು, ಮೂರು ವರಗಳನ್ನು ಪಡೆಯುತ್ತಾನೆ. ಆತ್ಮವಿದ್ಯೆಯನ್ನು ಬೇಡಿದುದು ಮೂರನೆಯ ವರ. ಮೊಟ್ಟಮೊದಲು ಬೇಡಿದುದು ತಂದೆಯ ಕೋಪವು ಇಳಿದು ಅವನ ಮನಸ್ಸು ಶಾಂತವಾಗಲೆಂದು.

ಭಾಗವತದ ಏಳನೆಯ ಸ್ಕಂಧದಲ್ಲಿ ಪ್ರಹ್ಲಾದನು, ನೀನು ಕಲಿತುದರಲ್ಲಿ ಉತ್ತಮವಾದುದನ್ನು ಹೇಳೆಂದು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಕೇಳಿದ ತಂದೆಗೆ, ತಂದೆಯು ದ್ವೇಷಿಸುವ ವಿಷ್ಣುವಿನ ಭಕ್ತಿಯನ್ನೇ ಹೇಳುತ್ತಾನೆ. ತಂದೆಯು ಅವನನ್ನು ತೊಡೆಯಿಂದ ಕೆಳಗೆ ತಳ್ಳುತ್ತಾನೆ. ಗುರುಗಳಾದ ಶಂಡಾಮರ್ಕರು ಮನೆಗೆಲಸದಲ್ಲಿರುವಾಗ ಪ್ರಹ್ಲಾದನು ಸಹಪಾಠಿಗಳನ್ನು ಕೂಡಿಸಿ ತಾನೇ ಪಾಠ ಹೇಳುತ್ತಾನೆ. ಶಿಕ್ಷೆಯೆಲ್ಲವನ್ನೂ ತಾನೇ ಅನುಭವಿಸುತ್ತಾನೆ. ಕಡೆಯಲ್ಲಿ ನರಸಿಂಹನು ವರವನ್ನು ಕೇಳೆಂದಾಗ, ತಂದೆಯು ಪಾಪದಿಂದ ಪರಿಶುದ್ಧನಾಗಲೆಂದು ಬೇಡುತ್ತಾನೆ. ೧೯೮೩ರಲ್ಲಿ ತೆರೆಗೆ ಬಂದ ‘ಭಕ್ತ ಪ್ರಹ್ಲಾದ’ ಚಲನಚಿತ್ರದಲ್ಲಿ ರಾಜಕುಮಾರರು ಹಿರಣ್ಯಕಶಿಪುವಾಗಿಯೂ ಅವರ ಮಗನೇ ಪ್ರಹ್ಲಾದನಾಗಿಯೂ ಅಭಿನಯಿಸಿದುದು ಕನ್ನಡಿಗರಿಗೆ ಪ್ರಿಯವಾದುದಕ್ಕೆ, ಈ ಕಥೆಯೊಳಗೆ ದ್ವೇಷದ ಕೆಳಗೂ ವಾತ್ಸಲ್ಯವು ಹರಿಯುತ್ತಿರುವುದೇ ಕಾರಣವೆನ್ನಬಹುದು.

ಮಹಾಭಾರತದ ವನಪರ್ವದ ಅಷ್ಟಾವಕ್ರನು ಗರ್ಭದಲ್ಲಿರುವಾಗಲೇ ತಂದೆಯಾದ ಕಹೋಡನ ಅಧ್ಯಯನದ ದೋಷವನ್ನು ಎತ್ತಿ ತೋರಿಸುತ್ತಾನೆ. ಎಂಟು ಕಡೆ ವಕ್ರನಾಗೆಂದು ತಂದೆಯಿಂದ ಶಾಪವನ್ನು ಪಡೆಯುತ್ತಾನೆ. ಮುಂದೆ ಜನಕನ ಸಭೆಯಲ್ಲಿ ಬಂದಿಯೆಂಬ ವಾದಿಯನ್ನು ಬಾಲಕನಾಗಿಯೇ ಗೆದ್ದು, ವಾದದಲ್ಲಿ ಸೋತು ನೀರಿನಲ್ಲಿ ಮುಳುಗಿಸಲ್ಪಟ್ಟಿದ್ದ ಅದೇ ತಂದೆಯನ್ನು ಮರಳಿ ತರುತ್ತಾನೆ.

ಮೂವರಲ್ಲಿಯೂ ಒಂದೇ ಲಕ್ಷಣವು ಕಾಣುವುದು. ಯಾವ ತಂದೆಯು ಶಪಿಸಿದನೋ, ತಳ್ಳಿದನೋ, ಮೃತ್ಯುವಿಗೆ ಕೊಟ್ಟನೋ ಆ ತಂದೆಗೇ ಮಗನಿಂದ ಉಪಕಾರವಾಗುತ್ತದೆ. ಸತ್ಯದ ವಿಷಯದಲ್ಲಿ ಮಣಿಯದೆ, ಪ್ರೀತಿಯ ವಿಷಯದಲ್ಲಿ ಒಣಗದೆ ಇರುವ ಈ ಸ್ವಭಾವವನ್ನು ವಿಧೇಯತೆಯ ಕಥೆಗಳಿಂದ ಕಲಿಸಲಾಗದು. ಅಲ್ಲಿ ಪ್ರೀತಿಗೂ ಭಯಕ್ಕೂ ಭೇದವು ತೋರುವುದೇ ಇಲ್ಲ.

೫

ಕನ್ನಡದ ಕವಿಗಳು ಈ ಪರಂಪರೆಯನ್ನು ಹೇಗೆ ಬೆಳೆಸಿದರೆಂಬುದನ್ನು ಈಗ ನೋಡಬೇಕು.

ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ, ವಾಲ್ಮೀಕಿಯು ಇಲ್ಲದ ಸಮಯದಲ್ಲಿ ಆಶ್ರಮದ ತೋಟವನ್ನು ಕಾಯುತ್ತಿದ್ದ ಲವನು, ಒಳನುಗ್ಗಿದ ಯಜ್ಞಾಶ್ವದ ಹಣೆಯ ಪಟ್ಟವನ್ನು ಓದಿ, ಅದರ ಗರ್ವವನ್ನು ಸಹಿಸದೆ ತನ್ನ ಉತ್ತರೀಯದಿಂದ ಕುದುರೆಯನ್ನು ಕಟ್ಟುತ್ತಾನೆ. ಜೊತೆಯ ಮುನಿಕುಮಾರರು ನಡುಗುತ್ತ, ಬಿಟ್ಟುಬಿಡೆಂದು ಬೇಡುತ್ತಾರೆ. ಅವನು ನಗುತ್ತ, ನೀವು ಅಂಜಿದರೆ ಹೋಗಿರೆನ್ನುತ್ತಾನೆ. ಇದೇ ಭಾಗವು ‘ವೀರಲವ’ ಎಂಬ ಹೆಸರಿನಿಂದ ಕರ್ನಾಟಕದ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಬಂದಿರುವುದು ಅಧ್ಯಾಪಕರಿಗೆ ತಿಳಿದೇ ಇದೆ. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೇನೆಂದರೆ, ಚಕ್ರವರ್ತಿಯ ಆಜ್ಞೆಯನ್ನು ಮೀರುವ ಈ ಹುಡುಗನು ಗುರುವು ಒಪ್ಪಿಸಿದ ಕೆಲಸವನ್ನು ಅಕ್ಷರಶಃ ಪಾಲಿಸುತ್ತಿದ್ದಾನೆ. ವಿಧೇಯತೆಯೂ ಅವಿಧೇಯತೆಯೂ ಒಂದೇ ಕೃತ್ಯದಲ್ಲಿ ಸೇರಿರಬಹುದೆಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಬಸವಣ್ಣನ ಚರಿತೆಯಲ್ಲಿ ಬೇರೊಂದು ವಿಶೇಷವುಂಟು. ಹರಿಹರನ ರಗಳೆಯಲ್ಲಿ ಅವನು ಪ್ರಾಯಕ್ಕೆ ಬಂದ ಮೇಲೆ ಜನಿವಾರವನ್ನು ಕಿತ್ತು ಕೂಡಲಸಂಗಮಕ್ಕೆ ಹೊರಡುತ್ತಾನೆ. ೧೩೬೯ರಲ್ಲಿ ಭೀಮಕವಿಯು ರಚಿಸಿದ ಬಸವಪುರಾಣದಲ್ಲಿಯಾದರೋ, ಇನ್ನೂ ಬಾಲಕನಾಗಿರುವಾಗಲೇ ಉಪನಯನವನ್ನು ಒಲ್ಲದೆ ತಂದೆಯೊಡನೆ ವಾದಿಸುತ್ತಾನೆ. ಹರಿಹರನಲ್ಲಿ ದೊಡ್ಡವನಾಗಿರುವ ನಾಯಕನು ಪುರಾಣದಲ್ಲಿ ಚಿಕ್ಕವನಾದನು. ನಿಷ್ಠುರವಾದ ಸತ್ಯವು ಮಗುವಿನ ಬಾಯಿಂದ ಬಂದರೆ ಹೆಚ್ಚು ಮನಮುಟ್ಟುವುದೆಂಬುದನ್ನು ನಮ್ಮ ಪುರಾಣಕಾರರು ಅರಿತಿದ್ದರೆಂದು ಊಹಿಸಲು ಇದು ಆಧಾರವಾಗುವುದು.

ಹುಡುಗಿಯರ ವಿಷಯಕ್ಕೆ ಬಂದರೆ ನಾವು ಸ್ವಲ್ಪ ತಲೆತಗ್ಗಿಸಬೇಕಾಗುತ್ತದೆ. ಅಂಥವರ ಕಥೆಗಳು ವಿರಳ. ಇರುವುದರಲ್ಲಿ ಅತ್ಯುತ್ತಮವಾದುದು ಹರಿಹರನ ಕೋಳೂರ ಕೊಡಗೂಸಿನ ರಗಳೆ. ಊರಿಗೆ ಹೋಗುವ ತಂದೆಯು ಶಿವನಿಗೆ ಹಾಲನ್ನು ಒಪ್ಪಿಸೆಂದು ಹುಡುಗಿಗೆ ಹೇಳಿ ಹೋಗುತ್ತಾನೆ. ದೇವರು ಕುಡಿಯುವುದಿಲ್ಲ. ಅವಳು ಬೇಡುತ್ತಾಳೆ, ಓಲೈಸುತ್ತಾಳೆ. ಕಡೆಗೆ ತಲೆಯನ್ನೇ ಒಡೆದುಕೊಳ್ಳಲು ಹೊರಟಾಗ ಶಿವನು ಮೈದೋರಿ ಹಾಲನ್ನು ಕುಡಿಯುತ್ತಾನೆ. ಮರಳಿ ಬಂದ ತಂದೆಯು ಈ ಮಾತನ್ನು ನಂಬುವುದಿಲ್ಲ. ಸುಳ್ಳೆಂದು ಸಿಡುಕಿ ಮೇಲೇರಿ ಬರುತ್ತಾನೆ. ಹುಡುಗಿಯು ತನ್ನ ಮಾತನ್ನು ಬದಲಿಸದೆ ಶಿವನನ್ನೇ ಮೊರೆಹೊಕ್ಕು ಲಿಂಗದಲ್ಲಿ ಐಕ್ಯಳಾಗುತ್ತಾಳೆ. ಸತ್ಯವನ್ನು ಹೇಳಿಯೂ ನಂಬಿಕೆಯನ್ನು ಪಡೆಯದ ಮಗುವಿನ ಸಂಕಟವನ್ನು ಇಷ್ಟು ಎಳೆಯ ದನಿಯಲ್ಲಿ ಹೇಳಿದ ಕೃತಿಯು ನಮ್ಮಲ್ಲಿ ಮತ್ತೊಂದಿಲ್ಲವೆಂದೇ ನನ್ನ ಭಾವನೆ. ಆದರೆ ನಚಿಕೇತನು ಮನೆಗೆ ಮರಳುತ್ತಾನೆ, ಅಷ್ಟಾವಕ್ರನು ಮರಳುತ್ತಾನೆ, ಪ್ರಹ್ಲಾದನು ಸಿಂಹಾಸನವನ್ನೇರುತ್ತಾನೆ. ಕೊಡಗೂಸು ಮಾತ್ರ ಮನೆಗೆ ಮರಳುವುದಿಲ್ಲ. ಭಕ್ತಿಶಾಸ್ತ್ರದ ದೃಷ್ಟಿಯಿಂದ ಐಕ್ಯವು ಪರಮಪದವೇ ಸರಿ. ಕಥೆ ಕೇಳುವ ಹುಡುಗಿಯ ದೃಷ್ಟಿಯಿಂದ ನೋಡಿದರೆ, ಎದುರು ಮಾತನಾಡಿದವಳಿಗೆ ಮನೆಯಲ್ಲಿ ಜಾಗವಿಲ್ಲವೆಂದೇ ಅರ್ಥವಾದೀತು. ಒಲ್ಲೆನೆಂದು ಹೇಳಿಯೂ ಮನೆಗೆ ಮರಳಿ ಬರುವ ಹುಡುಗಿಯ ಕಥೆಗಳನ್ನು ನಮ್ಮ ಲೇಖಕರು ಇನ್ನೂ ಹೆಚ್ಚಾಗಿ ಬರೆಯಬೇಕಾಗಿದೆ.

೬

ಆಧುನಿಕ ಕಾಲದಲ್ಲಿ ಈ ಬಾಲಕನು ಪುರಾಣದಿಂದ ಶಾಲೆಗೆ ಬಂದನು. ಟಿ. ಪಿ. ಕೈಲಾಸಂ (೧೮೮೪–೧೯೪೬) ಅವರ ‘ಟೊಳ್ಳುಗಟ್ಟಿ’ ನಾಟಕದಲ್ಲಿ ಪರೀಕ್ಷೆಯಲ್ಲಿ ಗೆಲ್ಲುವ ಮಗನು ಟೊಳ್ಳು. ಪುಸ್ತಕಕ್ಕೆ ಬಗ್ಗದೆ ಕಷ್ಟದಲ್ಲಿ ಒದಗುವ ಮಗನು ಗಟ್ಟಿ. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರ ಇಂಗ್ಲಿಷ್ ಕಾದಂಬರಿಯ ಸ್ವಾಮಿಯು (೧೯೩೫) ಸ್ವಾತಂತ್ರ್ಯ ಚಳವಳಿಯ ದಿನ ಗುಂಪಿನೊಡನೆ ಸೇರಿ ಶಾಲೆಯ ಗಾಜುಗಳನ್ನು ಒಡೆಯುತ್ತಾನೆ. ಇವನು ಅರ್ಧ ಅರಿತು, ಅರ್ಧ ಅರಿಯದೆ ಬಂಡೆದ್ದವನು. ಅವನನ್ನು ಲೇಖಕರು ಹೊಗಳದೆಯೂ ಹಳಿಯದೆಯೂ ಚಿತ್ರಿಸಿದುದೇ ಆ ಗ್ರಂಥದ ಸೊಗಸು. ಅಮೆರಿಕದ ಮಾರ್ಕ್ ಟ್ವೈನನ ಹಕಲ್‌ಬೆರಿ ಫಿನ್ನನು, ಓಡಿಹೋದ ಗುಲಾಮನನ್ನು ಹಿಡಿದುಕೊಡದಿದ್ದರೆ ನರಕಕ್ಕೆ ಹೋಗುವೆನೆಂದು ನಂಬಿದ್ದರೂ, ಹಿಡಿದುಕೊಡಲು ಒಲ್ಲದೆ ನರಕವನ್ನೇ ಒಪ್ಪಿಕೊಳ್ಳುತ್ತಾನೆ. ನಮ್ಮ ಎರಡನೆಯ ನಿಕಷಕ್ಕೆ ಇದಕ್ಕಿಂತ ಮಿಗಿಲಾದ ಉದಾಹರಣೆಯು ಪರದೇಶದ ಸಾಹಿತ್ಯದಲ್ಲಿ ನನಗೆ ಕಂಡುಬಂದಿಲ್ಲ.

ಇವೆಲ್ಲವೂ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ೧೯೪೨ರಲ್ಲಿ ಶಿವಮೊಗ್ಗ ಜಿಲ್ಲೆಯ ಈಸೂರಿನ ಜನರು ತಮ್ಮ ಗ್ರಾಮವನ್ನು ಸ್ವತಂತ್ರವೆಂದು ಸಾರಿದಾಗ, ಹುಡುಗರನ್ನೇ ಅಮಲ್ದಾರನನ್ನಾಗಿಯೂ ಪೊಲೀಸ್ ಅಧಿಕಾರಿಯನ್ನಾಗಿಯೂ ನೇಮಿಸಿದರು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಬಾಲಕ ನಾರಾಯಣ ಡೋಣಿಯು ಚಳವಳಿಯಲ್ಲಿ ಗುಂಡಿಗೆ ಬಲಿಯಾದನು. ಇಂಥ ಹುಡುಗರು ಶಾಲೆಯಲ್ಲಿ ಬರಿಯ ವಿಧೇಯತೆಯ ಪಾಠವನ್ನೇ ಕೇಳಿದ್ದಿರಬಹುದು; ಮನೆಯಲ್ಲಿ, ಬಯಲಾಟದಲ್ಲಿ, ಹರಿಕಥೆಯಲ್ಲಿ ಪ್ರಹ್ಲಾದನನ್ನೂ ಲವನನ್ನೂ ಕೇಳದೆ ಬೆಳೆದ ಮಕ್ಕಳು ಆ ಕಾಲದ ಕನ್ನಡನಾಡಿನಲ್ಲಿ ದುರ್ಲಭ.

೭

ಅಧ್ಯಾಪಕರ ಆಕ್ಷೇಪವೊಂದನ್ನು ಇಲ್ಲಿ ಪರಿಹರಿಸಬೇಕು. ಇಂಥ ಕಥೆಗಳಿಂದ ಮಕ್ಕಳು ಹಿರಿಯರನ್ನು ಲಕ್ಷಿಸದೆ ಕೆಡುವರಲ್ಲವೆ, ಎಂದು ಕೇಳುವವರುಂಟು. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯನ್ನು ಅವರು ಮತ್ತೊಮ್ಮೆ ಅವಲೋಕಿಸಬೇಕೆಂದು ವಿಜ್ಞಾಪಿಸುವೆನು. ತಾಯಿ ತಂದೆ ಆಚಾರ್ಯರನ್ನು ದೇವರೆಂದು ಕಾಣಬೇಕೆನ್ನುವ ಅನುವಾಕದಲ್ಲಿಯೇ ಆಚಾರ್ಯನು ಶಿಷ್ಯನಿಗೆ, ನಮ್ಮ ನಡತೆಯಲ್ಲಿ ಒಳ್ಳೆಯದಾದುದನ್ನು ಮಾತ್ರ ಅನುಸರಿಸು, ಉಳಿದುದನ್ನು ಅನುಸರಿಸಬೇಡವೆಂದು ಹೇಳುತ್ತಾನೆ. ಮೊದಲ ಮಾತು ಪ್ರತಿಯೊಂದು ಶಾಲೆಯ ಗೋಡೆಯ ಮೇಲೂ ಬರೆಯಲ್ಪಟ್ಟಿದೆ. ಎರಡನೆಯದನ್ನು ಗೋಡೆಯ ಮೇಲೆ ನಾನೆಲ್ಲಿಯೂ ಕಂಡಿಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿಯೂ, ತನಗಿಂತ ಹಿರಿಯರಾದ ಪಿತೃಗಳಿಗೆ ಪಾಠ ಹೇಳುತ್ತ ಅವರನ್ನು ಮಕ್ಕಳೇ ಎಂದು ಕರೆದ ಬಾಲಕ ಆಂಗಿರಸನ ಪ್ರಸಂಗವಿದೆ. ಕೋಪಗೊಂಡ ಪಿತೃಗಳು ದೇವತೆಗಳಲ್ಲಿಗೆ ದೂರು ಒಯ್ದರೆ, ಹುಡುಗನು ಆಡಿದುದು ನ್ಯಾಯವೇ ಎಂದು ತೀರ್ಪಾಯಿತು.

ಆಲಂಕಾರಿಕರು ಉಪದೇಶವನ್ನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತವೆಂದು ಮೂರಾಗಿ ವಿಂಗಡಿಸಿ, ಕಾವ್ಯದ ಉಪದೇಶವು ಕಡೆಯದಕ್ಕೆ ಸೇರಿದುದೆಂದರು. ದೊಡ್ಡವರ ಕಾವ್ಯಕ್ಕೆ ಈ ಸೌಕುಮಾರ್ಯವನ್ನು ಸಲ್ಲಿಸಿದ ನಾವು, ಮಕ್ಕಳ ಕಥೆಯನ್ನು ಮಾತ್ರ ಪ್ರಭುವಿನ ಆಜ್ಞೆಯ ಮಟ್ಟಕ್ಕೆ ಇಳಿಸಿರುವೆವು. ಮಗುವಿಗೆ ಬೇಕಾದುದು ಗೆಳೆಯನ ಮಾತು. ಅವಿಧೇಯ ಬಾಲನಾಯಕನು ಓದುವ ಮಗುವಿಗೆ ಅಂಥ ಗೆಳೆಯನಾಗುತ್ತಾನೆ. ತಪ್ಪನ್ನು ಕಂಡಾಗ ತನಗೂ ಬಾಯಿದೆಯೆಂಬುದನ್ನು ನೆನಪಿಗೆ ತರುತ್ತಾನೆ. ಹಿರಿಯರಿಂದಲೇ ಅಪಾಯವು ಬಂದಾಗ ಕೂಗಿ ಹೇಳಲಾರದ ಮಗುವಿನ ದುಃಸ್ಥಿತಿಯನ್ನು ಇಂದಿನ ದಿನಪತ್ರಿಕೆಗಳನ್ನು ಓದುವವರಿಗೆ ವಿವರಿಸಬೇಕಾಗಿಲ್ಲ.

ಇದನ್ನು ಬರೆಯುವ ನನಗೆ ಇದರಲ್ಲಿ ಸ್ವಂತ ಋಣವೂ ಉಂಟು. ಬಾಲ್ಯದಲ್ಲಿ ನಾನು ಓದಿದ ಪಾಠಶಾಲೆಯಲ್ಲಿ, ಏಕಲವ್ಯನ ಹೆಬ್ಬೆರಳನ್ನು ಕೇಳಿದ ಗುರುವಿಗೆ ದೋಷವಿಲ್ಲವೇ ಎಂದು ಪ್ರಶ್ನಿಸಿದುದಕ್ಕಾಗಿ ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತೆನು. ಆ ನೋವನ್ನು ಮರೆಯಲಿಲ್ಲ. ಆದರೂ ನಾನೇ ಅಧ್ಯಾಪಕನಾದ ಮೇಲೆ, ಶ್ಲೋಕವೊಂದಕ್ಕೆ ನಾನು ಹೇಳಿದ ಅನ್ವಯವು ತಪ್ಪೆಂದ ವಿದ್ಯಾರ್ಥಿಯನ್ನು ಎಲ್ಲರ ಮುಂದೆ ಗದರಿಸಿ ಕೂರಿಸಿದೆನು. ಮನೆಗೆ ಬಂದು ವ್ಯಾಖ್ಯಾನವನ್ನು ತೆರೆದರೆ ಅವನು ಹೇಳಿದುದೇ ಸರಿಯಾಗಿದ್ದಿತು. ಮರುದಿನ ಅದನ್ನು ತರಗತಿಯಲ್ಲಿ ಒಪ್ಪಿಕೊಳ್ಳುವ ಧೈರ್ಯವು ನನಗೆ ಬರಲಿಲ್ಲ. ಅಂದಿನಿಂದ ಆ ಹುಡುಗನು ಪ್ರಶ್ನೆ ಕೇಳುವುದನ್ನೇ ಬಿಟ್ಟನು. ಕಹೋಡನ ಶಾಪವು ಮೈಯನ್ನು ವಕ್ರಮಾಡಿತು. ನಮ್ಮ ಗದರಿಕೆಗಳು ಏನನ್ನು ವಕ್ರಮಾಡುವುವೋ ಕಣ್ಣಿಗೆ ಕಾಣುವುದಿಲ್ಲ.

೮

ಆದುದರಿಂದ ಸಾಹಿತ್ಯವನ್ನು ಬೋಧಿಸುವ ಮಿತ್ರರಲ್ಲಿ ಎರಡು ವಿಜ್ಞಾಪನೆಗಳು. ಮಕ್ಕಳಿಗಾಗಿ ಕಥೆಯನ್ನು ಸಂಗ್ರಹಿಸುವಾಗ ಬಾಲನಾಯಕನ ಪವಾಡವನ್ನು ಉಳಿಸಿ ಅವನ ವಾದವನ್ನು ಕತ್ತರಿಸುವ ರೂಢಿಯನ್ನು ಬಿಡಬೇಕು. ಕಂಬದಿಂದ ನರಸಿಂಹನು ಬಂದುದಕ್ಕಿಂತ, ಅದಕ್ಕೆ ಮೊದಲು ಪ್ರಹ್ಲಾದನು ಆಡಿದ ಮಾತೇ ಮಗುವಿಗೆ ಹೆಚ್ಚು ಬೇಕಾದುದು. ಎರಡನೆಯದಾಗಿ, ಕಥೆಯು ಮುಗಿದ ಮೇಲೆ ನೀತಿಯನ್ನು ನಾವೇ ಹೇಳದೆ, ಆ ಹುಡುಗನು ಮಾಡಿದುದು ಸರಿಯೇ ಎಂದು ಮಕ್ಕಳನ್ನೇ ಕೇಳಬೇಕು. ಮೇಲೆ ಹೇಳಿದ ಮೂರು ನಿಕಷಗಳನ್ನು ಅವರು ನಮ್ಮ ಸಹಾಯವಿಲ್ಲದೆಯೇ ಕಂಡುಕೊಳ್ಳುವರೆಂಬುದು ನನ್ನ ಅನುಭವ.

ಈ ಅನುಭವವೂ ಅದೇ ಜಗಲಿಯದು. ಮರುದಿನ ಸಂಜೆ ಆ ಹುಡುಗಿಯನ್ನು ಮುಂದೆ ಕುಳ್ಳಿರಿಸಿಕೊಂಡು, “ನಿನ್ನೆ ನೀನು ಕೇಳಿದ್ದು ಸರಿಯಮ್ಮ. ಒಲ್ಲೆ ಅಂದ ಹುಡುಗ ಒಬ್ಬ ಇದ್ದ” ಎಂದು ರೋಹಿತನ ಕಥೆಯನ್ನು ಹೇಳಿದೆನು. ಅವನು ಬಿಲ್ಲನ್ನು ಹಿಡಿದು ಕಾಡಿಗೆ ಹೊರಟಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನೂರು ಹಸುಗಳನ್ನು ಕೊಟ್ಟು ಶುನಃಶೇಪನನ್ನು ಕೊಂಡುತಂದ ಸಂದರ್ಭಕ್ಕೆ ಬರುವಾಗ ಚಪ್ಪಾಳೆಯು ನಿಂತಿದ್ದಿತು. ಆ ಹುಡುಗಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಆ ಹುಡುಗನ್ನ ಯಾರು ಕೇಳಿದ್ರು, ಮೇಷ್ಟ್ರೇ?” ಎಂದಳು.

ಈ ಸಲ ನಾನು ಸುಮ್ಮನೆ ಕೇಳೆಂದು ಹೇಳಲಿಲ್ಲ.